‘ಮುಂದೆ ತೊಂದರೆ ಆಗಬಹುದು’ ಅಂತ ರಷ್ಯನ್ನಿನಲ್ಲಿ ಹೇಳೋದು ಹೇಗೆ?

ದೆಹಲಿಯಲ್ಲಿ ರಷ್ಯನ್ ಅನುವಾದಕಿಯಾಗಿ ಕೆಲಸ ಮಾಡಿದ ಬಗ್ಗೆ ಹೋದ ಸಂಚಿಕೆಯಲ್ಲಿ ಎರಡು ಮಾತು ಬರೆದಿದ್ದೆ. ಮಾಸ್ಕೋ ಚಳಿ, ಅಲ್ಲಿನ ಮೆಟ್ರೊ, ಸಸ್ಯಾಹಾರಿಗಳ ಪಾಡು ಇಂಥ ಪ್ರಶ್ನೆಗಳು ಬರುತ್ತವೆ ಅಂದುಕೊಂಡೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಬೇರೇನೇ ಕೇಳಿದ್ದವು. ರಾಯಭಾರ ಕಚೇರಿಯವರು ‘ಮುಂದೆ ತೊಡಕು ಬರಬಹುದು’ ಅನ್ನೋದನ್ನು ಇಂಗ್ಲಿಷಿನಲ್ಲಿ ನಯವಾಗಿ, ಸುತ್ತಿ ಬಳಸಿ ಬರೆಯುತ್ತಾರಲ್ಲ, ಅದನ್ನು ರಷ್ಯನ್ನಿಗೆ ತರೋದು ಹೇಗೆ ಅಂತ. ನನ್ನ ನೆಚ್ಚಿನ ವಿಷಯ. ಹಾಗಾಗಿ ಈ ಸಲ ಪೂರ್ತಿ ಅದೇ.

ರಷ್ಯನ್ ಮಾತುಗಳನ್ನು ಕಿವಿಗೆ ಬೀಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಆ ಭಾಷೆಯಲ್ಲಿ ಒತ್ತು ಬೀಳದ ‘ಒ’ ಸ್ವರ ‘ಅ’ ಅಂತಲೇ ಕೇಳಿಸುತ್ತದೆ. ನಿಘಂಟು ತೆಗೆದು ಹುಡುಕುವವರು ಇದನ್ನು ನೆನಪಿಟ್ಟುಕೊಳ್ಳಿ.

ಪ್ರಶ್ನೆ: ಮೇಡಂ, ನಾನು ಸಂಜೆ ತರಗತಿಯಲ್ಲಿ ರಷ್ಯನ್ ಕಲಿಯುತ್ತಿದ್ದೇನೆ. ನಮಗೆ ಕೊಟ್ಟ ಇಂಗ್ಲಿಷ್ ವಾಕ್ಯದ ಅರ್ಥ ಹೀಗಿದೆ: ‘ಈ ಸಂಬಂಧದಲ್ಲಿ ಉಂಟಾಗಬಹುದಾದ ಯಾವುದೇ ತೊಡಕುಗಳಿದ್ದರೆ ಸಚಿವಾಲಯವು ತಿಳಿಸಿದಲ್ಲಿ ರಾಯಭಾರ ಕಚೇರಿ ಕೃತಜ್ಞವಾಗಿರುತ್ತದೆ.’ ಇಂಗ್ಲಿಷಿನಲ್ಲಿ ‘ವುಡ್ ಬಿ ಗ್ರೇಟ್‌ಫುಲ್’, ‘ಅಡ್ವೈಸ್’, ‘ಪೊಟೆನ್ಶಿಯಲ್ ಡಿಫಿಕಲ್ಟೀಸ್’, ‘ಮೈಟ್ ಅರೈಸ್’ ಎಲ್ಲ ಇದ್ದವು. ನಾನು ಒಂದೊಂದು ಪದವನ್ನೂ ನಿಘಂಟು ನೋಡಿಯೇ ಹಾಕಿದೆ. ಮೇಷ್ಟ್ರು ಪೂರ್ತಿ ಕೆಂಪು ಮಾಡಿ ಕೊಟ್ಟರು. ತಪ್ಪೇನು? (ದಾವಣಗೆರೆ)

ಉತ್ತರ: ನಿಘಂಟು ನೋಡಿ ಒಂದೊಂದೇ ಪದ ಹಾಕಿದ್ದೇ ತೊಂದರೆ ಮಗಳೇ. ಬೇಜಾರು ಮಾಡ್ಕೋಬೇಡ. ಈ ವಾಕ್ಯ ನೋಡೋಕೆ ಸಾದಾ ಇದೆ, ಆದರೆ ಹೆಜ್ಜೆಗೊಂದು ಗುಂಡಿ ಇದೆ. ನಿಧಾನವಾಗಿ ಬಿಡಿಸೋಣ.

ಮೊದಲು ‘ಅಡ್ವೈಸ್’. ನೀನು ಇದಕ್ಕೆ ‘ಸವೇತವತ್’ ಅಂತ ಹಾಕಿರುತ್ತೀಯ. ಅದು ಬುದ್ಧಿ ಹೇಳೋದು, ಸಲಹೆ ಕೊಡೋದು. ಇಂಗ್ಲಿಷ್ ಕಚೇರಿ ಭಾಷೆಯಲ್ಲಿ ‘ಅಡ್ವೈಸ್’ ಅಂದರೆ ಎಷ್ಟೋ ಸಲ ಬರೀ ‘ತಿಳಿಸಿ’ ಅಂತ. ನೀನು ಬರೆದ ಹಾಗೆ ಹೋದರೆ, ನಮಗೆ ತೊಡಕುಗಳನ್ನು ಹೇಗೆ ಮಾಡಬೇಕು ಅಂತ ಸಲಹೆ ಕೊಡಿ ಅಂತ ರಾಯಭಾರ ಕಚೇರಿ ಕೇಳಿದ ಹಾಗೆ ಆಗುತ್ತದೆ! ಇಲ್ಲಿ ಬೇಕಾದದ್ದು ‘ಸಅಪ್ಶೀತ್’, ಅಂದರೆ ತಿಳಿಸು. ಇಲ್ಲವೇ ‘ಇನ್ಫರ್ಮಾತ್ಸಿಯ’, ಮಾಹಿತಿ.

ಇನ್ನು ‘ಗ್ರೇಟ್‌ಫುಲ್’. ರಷ್ಯನ್ನಿನಲ್ಲಿ ‘ಬ್ಲಗದಾರ್ನ’ ಇದೆ, ‘ಪ್ರಿಜ್ನಾತೆಲ್ನ’ ಇದೆ. ಮೊದಲನೆಯದು ಮನೆಯಲ್ಲೂ ನಡೆಯುತ್ತದೆ, ಪಕ್ಕದ ಮನೆಯವರ ಉಪಕಾರಕ್ಕೂ ಹೇಳಬಹುದು. ಎರಡನೆಯದು ಕಾಗದಪತ್ರದ ಮಾತು. ‘ಬೀಲ ಬಿ ಪ್ರಿಜ್ನಾತೆಲ್ನ’ ಅಂತ ಬಂತು ಅಂದರೆ ಇದು ಕಚೇರಿಯಿಂದ ಬಂದ ಪತ್ರ ಅಂತ ರಷ್ಯನ್ ಓದುಗರಿಗೆ ಹೇಳಬೇಕಾಗಿಯೇ ಇಲ್ಲ. ಅಂದ ಹಾಗೆ ರಾಯಭಾರ ಕಚೇರಿ, ಅಂದರೆ ‘ಪಸೋಲ್ಸ್ತ್ವ’, ರಷ್ಯನ್ನಿನಲ್ಲಿ ನಪುಂಸಕಲಿಂಗ. ಹಾಗಾಗಿ ಕ್ರಿಯಾಪದ ‘ಬೀಲ’. ಕನ್ನಡದವರಿಗೆ ಇದು ಕಷ್ಟವೇ ಅಲ್ಲ, ಕಚೇರಿಯನ್ನು ನಾವೂ ‘ಅದು’ ಅಂತಲೇ ಅನ್ನೋದು. ದೆಹಲಿಯಲ್ಲಿ ನನ್ನ ಜೊತೆ ಇದ್ದ ಹಿಂದಿ ಹುಡುಗರು ಇಲ್ಲಿ ಒದ್ದಾಡುತ್ತಿದ್ದರು.

ಈಗ ‘ಪೊಟೆನ್ಶಿಯಲ್’. ರಷ್ಯನ್ನಿನಲ್ಲೂ ‘ಪತೆಂತ್ಸಿಯಾಲ್ನಿ’ ಅಂತ ಒಂದು ಪದ ಇರೋದೇ ಎಡವಟ್ಟು. ಪದ ಇದೆ, ಜಾಗ ಇದಲ್ಲ. ಮುಂದೊಂದು ದಿನ ಗಿರಾಕಿ ಆಗಬಲ್ಲವನು, ಒಳಗೇ ಅವಿತಿರುವ ಶಕ್ತಿ, ಇಂಥ ಕಡೆ ಅದು ಚೆನ್ನಾಗಿ ಕೂರುತ್ತದೆ. ತೊಡಕುಗಳ ಮುಂದೆ ಹಾಕಿದರೆ ಇಂಗ್ಲಿಷ್ ವಾಸನೆ ಹೊಡೆಯುತ್ತದೆ. ರಷ್ಯನ್ನರು ಅಲ್ಲಿ ‘ವಜ್ಮೋಷ್ನಿಯೆ’ ಅನ್ನುತ್ತಾರೆ, ಅಂದರೆ ಸಾಧ್ಯವಿರುವ, ಆಗಬಹುದಾದ. ಅದೇ ಸೈನ್ಯದ ಕಾಗದದಲ್ಲಿ ‘ಪೊಟೆನ್ಶಿಯಲ್’ ಶತ್ರು ಬಂದರೆ ರೂಢಿಯ ಮಾತು ‘ವೆರಯಾತ್ನಿ’, ಸಂಭವನೀಯ ಶತ್ರು. ಸೋವಿಯತ್ ಕಾಲದಿಂದ ಬಂದ ಪದಗುಚ್ಛ ಅದು. ಅಲ್ಲಿ ‘ವಜ್ಮೋಷ್ನಿ’ ಅಂತ ಜಾಣತನ ಮಾಡೋಕೆ ಹೋಗಬಾರದು.

ಇನ್ನೊಂದು ಪದವೂ ಇದೆ, ‘ಎವೆಂತುವಾಲ್ನಿ’. ಕೇಳಿದ ತಕ್ಷಣ ಇಂಗ್ಲಿಷಿನ ‘ಇವೆಂಚುಯಲಿ’ ನೆನಪಾಗುತ್ತದೆ. ಇಂಗ್ಲಿಷಿನದ್ದಕ್ಕೆ ‘ಕೊನೆಗೂ’ ಅಂತ ಅರ್ಥ. ರಷ್ಯನ್ನಿನದ್ದಕ್ಕೆ ‘ಪರಿಸ್ಥಿತಿ ಹಾಗೆ ಬಂದರೆ ಆಗಬಹುದಾದ’ ಅಂತ. ಒಂದು ಆಗೇ ಆಗುತ್ತದೆ, ಇನ್ನೊಂದು ಆದರೂ ಆಯಿತು, ಇಲ್ಲದಿದ್ದರೂ ಆಯಿತು. ಇದನ್ನು ತಿರುವುಮುರುವು ಮಾಡಿದರೆ ಪತ್ರದ ಗತಿ ಏನು, ನೀನೇ ಯೋಚಿಸು.

‘ಡಿಫಿಕಲ್ಟೀಸ್’ಗೆ ಬರೋಣ. ನಮ್ಮಲ್ಲಿ ಕಷ್ಟ, ತೊಡಕು, ಅಡಚಣೆ, ಅಡ್ಡಿ ಇದ್ದ ಹಾಗೆ ಅವರಲ್ಲೂ ಒಂದು ಸಾಲೇ ಇದೆ. ‘ತ್ರೂದ್ನಸ್ತ್’ ಎಲ್ಲ ಕಡೆ ನಡೆಯುವ ಕಷ್ಟ. ‘ಜತ್ರುದ್ನೇನಿಯೆ’ ಅಂದರೆ ಕೆಲಸ ಎಲ್ಲೋ ಸಿಕ್ಕಿಹಾಕಿಕೊಂಡಿದೆ, ಬಿಡಿಸಬಹುದು. ಯಾರ ಮೇಲೂ ತಪ್ಪು ಹೊರಿಸಲ್ಲ. ‘ಅಸ್ಲಜ್ನೇನಿಯೆ’ ಅಂದರೆ ಇದ್ದದ್ದು ಇನ್ನೂ ಬಿಗಡಾಯಿಸೋದು. ಜ್ವರ ಹೋಗಿ ನ್ಯುಮೋನಿಯಾ ಬಂದರೆ ಅಲ್ಲಿನ ಡಾಕ್ಟರುಗಳೂ ಇದೇ ಪದ ಹೇಳುತ್ತಾರೆ. ‘ಪ್ರೆಪ್ಯಾತ್ಸ್ತ್ವಿಯೆ’ ಅಂದರೆ ಅಡ್ಡಿ. ಅಡ್ಡಿ ಅಂದ ಕೂಡಲೇ ಯಾರು ಅಡ್ಡಿ ಮಾಡಿದ್ದು ಅನ್ನೋ ಪ್ರಶ್ನೆ ಏಳುತ್ತದಲ್ವಾ? ಸಚಿವಾಲಯಕ್ಕೆ ಬರೆಯುವ ವಿನಯದ ಪತ್ರದಲ್ಲಿ ಆ ಪದ ಕೂತರೆ ‘ನೀವೇ ಅಡ್ಡಗಾಲು ಹಾಕುತ್ತೀರಿ’ ಅಂದ ಹಾಗೆ ಕೇಳಿಸಬಹುದು. ನನ್ನ ಆಯ್ಕೆ ‘ಜತ್ರುದ್ನೇನಿಯೆ’. ‘ತ್ರೂದ್ನಸ್ತಿ’ ಅಂತ ಬರೆದರೂ ನಾನು ಕೆಂಪು ಗೀಟು ಹಾಕಲ್ಲ.

ಕೊನೆಯದು, ಎಲ್ಲಕ್ಕಿಂತ ಸೂಕ್ಷ್ಮವಾದದ್ದು: ‘ಮೈಟ್ ಅರೈಸ್’. ‘ಮೇ’ಗಿಂತ ‘ಮೈಟ್’ ಮೆತ್ತಗೆ, ಆದ್ದರಿಂದ ರಷ್ಯನ್ನಿನಲ್ಲೂ ಮೆತ್ತಗಿನ ರೂಪ ಹಾಕೋಣ ಅಂತ ‘ಮಗ್ಲೀ ಬಿ ವಜ್ನೀಕ್ನುತ್’ ಅಂತ ಬರೆಯುವವರೇ ಜಾಸ್ತಿ. ಆ ‘ಬಿ’ ಅನ್ನೋ ಪುಟ್ಟ ಪದಕ್ಕೆ ಕಾಲ ಅನ್ನೋದೇ ಇಲ್ಲ. ‘ಬರಬಹುದಾಗಿತ್ತು, ಬರಲಿಲ್ಲ’ ಅಂತಲೂ ಓದಬಹುದು. ಮುಂದಿನ ತೊಡಕಿನ ಬಗ್ಗೆ ಕೇಳುತ್ತಿದ್ದೀರೋ, ಹೋದ ವರ್ಷ ತಪ್ಪಿಹೋದ ತೊಡಕಿನ ಬಗ್ಗೆಯೋ ಅಂತ ಆ ಕಡೆಯವರು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಇಲ್ಲಿ ಇಂಗ್ಲಿಷಿನ ‘ಮೈಟ್’ ಬರೀ ವಿನಯಕ್ಕೆ ಇರೋದು. ‘ಮೋಗುತ್ ವಜ್ನೀಕ್ನುತ್’ ಸಾಕು. ವಿನಯದ ಪಾಲು ಆಗಲೇ ‘ಬೀಲ ಬಿ ಪ್ರಿಜ್ನಾತೆಲ್ನ’ದಲ್ಲಿ ಸಂದಾಯವಾಗಿದೆ.

ಜೊತೆಗೆ ಕ್ರಿಯಾಪದದ ಜೋಡಿಯನ್ನೂ ನೋಡಬೇಕು. ‘ವಜ್ನೀಕ್ನುತ್’ ಅಂದರೆ ಒಂದು ಸಲ ಹುಟ್ಟಿಕೊಳ್ಳೋದು. ‘ವಜ್ನಿಕಾತ್’ ಅಂದರೆ ಮತ್ತೆ ಮತ್ತೆ ಹುಟ್ಟುತ್ತಲೇ ಇರೋದು. ‘ಮೋಗುತ್ ವಜ್ನಿಕಾತ್’ ಅಂತ ಬರೆದುಬಿಟ್ಟರೆ, ನಿಮ್ಮ ಜೊತೆ ವ್ಯವಹಾರ ಅಂದರೆ ಆಗಾಗ ಕಿರಿಕಿರಿ ಇದ್ದದ್ದೇ ಅನ್ನೋ ಧ್ವನಿ ನುಸುಳುತ್ತದೆ. ಇಂಗ್ಲಿಷ್ ವಾಕ್ಯದಲ್ಲಿ ಆ ದೂರು ಇರಲೇ ಇಲ್ಲ. 

ಎಲ್ಲ ಸೇರಿಸಿದರೆ ಹೀಗಾಗುತ್ತದೆ: ‘ಪಸೋಲ್ಸ್ತ್ವ ಬೀಲ ಬಿ ಪ್ರಿಜ್ನಾತೆಲ್ನ ಮಿನಿಸ್ತೆರ್ಸ್ತ್ವು ಜ ಇನ್ಫರ್ಮಾತ್ಸಿಯು ಅ ಜತ್ರುದ್ನೇನಿಯಖ್, ಕತೋರಿಯೆ ಮೋಗುತ್ ವಜ್ನೀಕ್ನುತ್ ವ್ ಎತಯ್ ಸ್ವ್ಯಾಜಿ.’ ‘ಪೊಟೆನ್ಶಿಯಲ್’ ಎಲ್ಲಿ ಹೋಯಿತು ಅಂತ ಹುಡುಕಬೇಡ. ‘ಮೋಗುತ್’ ಅನ್ನೋದರಲ್ಲೇ ಅದು ಇದೆ. ಇಂಗ್ಲಿಷಿನವರು ಒಂದೇ ಅನುಮಾನವನ್ನು ಎರಡು ಸಲ ಹೇಳಿದ್ದರು, ‘ಪೊಟೆನ್ಶಿಯಲ್’ ಅಂತ ಒಮ್ಮೆ, ‘ಮೈಟ್’ ಅಂತ ಇನ್ನೊಮ್ಮೆ. ರಷ್ಯನ್ನಿಗೆ ಒಂದು ಸಲ ಸಾಕು. ಎರಡೂ ಸಲ ಹಾಕಿದರೆ ಬರೆದವರಿಗೆ ಭಯ ಇದೆ ಅಂತ ಕಾಣುತ್ತದೆ.

ಪ್ರಶ್ನೆ: ವಿಶ್ವಸಂಸ್ಥೆಯವರು ಯಾವಾಗ ನೋಡಿದರೂ ‘ತೀವ್ರ ಕಳವಳ’ ವ್ಯಕ್ತಪಡಿಸುತ್ತಲೇ ಇರುತ್ತಾರೆ. ಇದರಿಂದ ಏನಾದರೂ ಆಗುತ್ತದಾ? ಅನುವಾದ ಮಾಡುವವರು ಅದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? (ನಿವೃತ್ತ ಇತಿಹಾಸ ಶಿಕ್ಷಕರು, ಹುಬ್ಬಳ್ಳಿ)

ಉತ್ತರ: ಆಗೋದು ಬಿಡೋದು ನನ್ನ ಕೈಲಿಲ್ಲ ಸಾರ್. ತಲೆ ಕೆಡಿಸಿಕೊಳ್ಳಲೇಬೇಕು.

ಈ ‘ಕಳವಳ’ಕ್ಕೆ ರಷ್ಯನ್ನಿನಲ್ಲಿ ‘ಅಜಬೋಚೆನ್ನಸ್ತ್’ ಅಂತಾರೆ. ರಷ್ಯನ್ನರೇ ಇದನ್ನು ಗೇಲಿ ಮಾಡುತ್ತಾರೆ. ಏನೂ ಮಾಡದೆ ಕೂತವನನ್ನು ನೋಡಿ ‘ಕಳವಳ ವ್ಯಕ್ತಪಡಿಸುತ್ತಿದ್ದಾನೆ’ ಅಂತ ಕಿಚಾಯಿಸೋದು ಅಲ್ಲಿ ಮಾಮೂಲು. ಇದೇ ಬೇರಿನ ‘ಅಜಬೋಚೆನ್ನಿ’ಗೆ ಬೀದಿ ಮಾತಿನಲ್ಲಿ ಇನ್ನೊಂದು ಅರ್ಥವೂ ಇದೆ. ಮನೆಮಂದಿಯೆಲ್ಲ ಓದುವ ಪತ್ರಿಕೆ, ಅದನ್ನು ಇಲ್ಲಿ ಬರೆಯಲ್ಲ. ಕಲಿಯುವ ಹುಡುಗರು ಮಾತ್ರ ಯಾರ ಹತ್ತಿರವೂ ‘ನಾನು ಅಜಬೋಚೆನ್ನಿ’ ಅಂತ ಹೇಳಿಕೊಳ್ಳಬೇಡಿ.

ಗೇಲಿ ಏನೇ ಇರಲಿ, ಈ ಪದಗಳಿಗೆ ಮೆಟ್ಟಿಲಿದೆ. ಬರೀ ಕಳವಳ, ಆಳವಾದ ಕಳವಳ, ಗಂಭೀರ ಕಳವಳ, ಅದರ ಮೇಲೆ ಗಾಬರಿ, ಅಂದರೆ ‘ತ್ರೆವೋಗ’. ವಿಷಾದ ಬೇರೆ, ಖಂಡನೆ ಬೇರೆ. ಕರೆ ಕೊಡೋದು ‘ಪ್ರಿಜಿವಾಯೆತ್’. ಒತ್ತಾಯಪೂರ್ವಕ ಕರೆಗೆ ಅದಕ್ಕಿಂತ ಮೊದಲು ‘ನಸ್ತಯಾತೆಲ್ನ’ ಸೇರಿಸಬೇಕು. ಯಾವ ಮೆಟ್ಟಿಲ ಮೇಲೆ ನಿಲ್ಲಬೇಕು ಅನ್ನೋದಕ್ಕೆ ರಾತ್ರಿಯಿಡೀ ಚೌಕಾಸಿ ನಡೆದಿರುತ್ತದೆ. ಬೆಳಿಗ್ಗೆ ಅನುವಾದಕ ಬಂದು, ಓದೋಕೆ ಚೆನ್ನಾಗಿರಲಿ ಅಂತ ‘ಕಳವಳ’ದ ಜಾಗದಲ್ಲಿ ‘ಗಾಬರಿ’ ಹಾಕಿದರೆ ಅಷ್ಟೂ ಜನರ ಕೆಲಸ ನೀರುಪಾಲು. ಒಂದೇ ಪದ ಐದು ಸಲ ಬಂದರೆ ಐದು ಸಲವೂ ಅದನ್ನೇ ಬರೆಯಬೇಕು. ಶಾಲೆಯಲ್ಲಿ ಪ್ರಬಂಧಕ್ಕೆ ಪರ್ಯಾಯ ಪದ ಹಾಕಿ ಅಂತ ನೀವು ಮಕ್ಕಳಿಗೆ ಹೇಳಿಕೊಟ್ಟಿರುತ್ತೀರಿ. ಅದನ್ನು ಇಲ್ಲಿ ಮರೆಯಬೇಕು.

ಹೆರಾಲ್ಡ್ ನಿಕೋಲ್ಸನ್ ಅಂತ ಬ್ರಿಟಿಷ್ ರಾಜತಾಂತ್ರಿಕರೊಬ್ಬರಿದ್ದರು. ಇಂಥ ನಯದ ಮಾತಿನ ಒಳ ಅರ್ಥವನ್ನು 1939ರಲ್ಲೇ ಬಿಡಿಸಿ ಬರೆದಿದ್ದಾರೆ. ‘ನಮ್ಮ ಸರ್ಕಾರ ಇದನ್ನು ನೋಡಿಕೊಂಡು ಉದಾಸೀನವಾಗಿ ಇರಲಾಗದು’ ಅಂದರೆ ನಾವು ಮಧ್ಯೆ ಬಂದೇ ಬರುತ್ತೇವೆ ಅಂತ. ‘ಮುಂದಿನ ಪರಿಣಾಮಗಳಿಗೆ ನಾವು ಹೊಣೆಯಲ್ಲ’ ಅಂದರೆ ಯುದ್ಧಕ್ಕೆ ದಾರಿ ಮಾಡುವ ಘಟನೆಯೊಂದನ್ನು ನಾವೇ ಹುಟ್ಟುಹಾಕಲಿದ್ದೇವೆ ಅಂತ. ಬೈಗುಳ ಒಂದೂ ಇಲ್ಲ. ಓದಿದವರ ಎದೆ ಮಾತ್ರ ಧಸಕ್ ಅನ್ನಬೇಕು.

ಸೋವಿಯತ್ ಹೇಳಿಕೆಗಳಲ್ಲಿ ಇದೇ ಜಾಗಕ್ಕೆ ‘ಚ್ರೆವಾತ’ ಅನ್ನೋ ಪದ ತುಂಬ ಬರುತ್ತಿತ್ತು. ‘ಗಂಭೀರ ಪರಿಣಾಮಗಳಿಂದ ಚ್ರೆವಾತ’. ‘ಚ್ರೇವ’ ಅಂದರೆ ಹಳೆಯ ಮಾತಿನಲ್ಲಿ ಹೊಟ್ಟೆ, ಗರ್ಭ. ಪರಿಣಾಮ ಆಗಲೇ ಒಳಗೆ ಬೆಳೆಯುತ್ತಿದೆ, ಹುಟ್ಟೋದೊಂದು ಬಾಕಿ. ನನಗೆ ಬಹಳ ಇಷ್ಟವಾದ ಪದ. ಆದರೆ ಇಂಗ್ಲಿಷಿನಲ್ಲಿ ‘ಮೇ ಲೀಡ್ ಟು ಸಮ್ ಡಿಫಿಕಲ್ಟೀಸ್’ ಅಂತ ಮಾತ್ರ ಇದ್ದರೆ ಇದನ್ನು ಮುಟ್ಟಬಾರದು. ಅದು ಬೆದರಿಕೆಯ ಹತ್ತಿರಕ್ಕೆ ಹೋಗಿಬಿಡುತ್ತದೆ.

ಇನ್ನೂ ಒಂದು ತಮಾಷೆ. ವಿಶ್ವಸಂಸ್ಥೆಯ ನಿರ್ಣಯಗಳಲ್ಲಿ ‘ಟೇಕ್ಸ್ ನೋಟ್ ಆಫ್’, ಅಂದರೆ ‘ಗಮನಿಸುತ್ತದೆ’ ಅಂತ ಬರುತ್ತದೆ. ಇದು ಒಪ್ಪಿಗೆಯೋ ಅಲ್ಲವೋ ಅಂತ ಜಗಳ ಬಂದೂ ಬಂದೂ, 2001ರ ಸೆಪ್ಟೆಂಬರಿನಲ್ಲಿ ಸಾಮಾನ್ಯ ಸಭೆಯೇ ಕೂತು ಸ್ಪಷ್ಟ ಮಾಡಬೇಕಾಯಿತು: ಇದು ಒಪ್ಪಿಗೆಯೂ ಅಲ್ಲ, ಆಕ್ಷೇಪವೂ ಅಲ್ಲ. ರಷ್ಯನ್ನಿನಲ್ಲಿ ಅದಕ್ಕೆ ‘ಪ್ರಿನಿಮಾಯೆತ್ ಕ್ ಸ್ವೇದೆನಿಯು’. ನಮ್ಮ ಸರ್ಕಾರಿ ಕಡತದ ‘ಅವಗಾಹನೆಗೆ ತರಲಾಗಿದೆ’ ಇದೆಯಲ್ಲ, ಅದರ ಅಣ್ಣ. ನೋಡಿದ್ದೇವೆ, ಮುಂದೆ ಕೇಳಬೇಡಿ!

ಪ್ರಶ್ನೆ: ಸಿಟ್ಟಿನ ಪತ್ರಗಳಲ್ಲೂ ‘ಅತ್ಯುನ್ನತ ಗೌರವದೊಂದಿಗೆ’ ಅಂತ ಬರೆಯುತ್ತಾರಂತೆ. ಅದನ್ನೂ ಅನುವಾದ ಮಾಡಬೇಕಾ? (ಧಾರವಾಡ)

ಉತ್ತರ: ಮಾಡಬೇಕು, ಆದರೆ ಅನುವಾದ ಮಾಡಬಾರದು. ಏನಂದೆ ಅಂದರೆ, ಅದಕ್ಕೆ ರಷ್ಯನ್ನಿನಲ್ಲಿ ಸಿದ್ಧವಾದ ಸಾಲು ಇದೆ. ಮೊದಲಲ್ಲಿ ರಾಯಭಾರ ಕಚೇರಿ ಸಚಿವಾಲಯಕ್ಕೆ ‘ತನ್ನ ಗೌರವಕ್ಕೆ ಸಾಕ್ಷಿ ನುಡಿಯುತ್ತದೆ’. ಕೊನೆಯಲ್ಲಿ ‘ತನ್ನ ಬಹು ಉನ್ನತ ಗೌರವದ ಭರವಸೆಯನ್ನು ನವೀಕರಿಸಲು ಈ ಸಂದರ್ಭವನ್ನು ಬಳಸಿಕೊಳ್ಳುತ್ತದೆ’. ಇದಕ್ಕೆ ಅವರು ‘ಕಂಪ್ಲಿಮೆಂತ್’ ಅಂತಲೇ ಹೆಸರಿಟ್ಟಿದ್ದಾರೆ. ಸುಮ್ನೆ ಅದನ್ನು ಹಾಗೇ ಇಳಿಸಬೇಕು. ತೀರ ಕಟುವಾದ ಪ್ರತಿಭಟನೆ ಇದ್ದರೆ ಈ ಸಾಲನ್ನು ಬೇಕೆಂದೇ ಬಿಡುವ ಪದ್ಧತಿಯೂ ಇದೆ. ಮೂಲದಲ್ಲಿ ಬಿಟ್ಟಿದ್ದರೆ ‘ಅಯ್ಯೋ, ಮರೆತಿದ್ದಾರೆ’ ಅಂತ ನೀವು ಸೇರಿಸಬಾರದು. ಅವರು ಹೇಳಬೇಕಾದ್ದನ್ನು ಬಿಟ್ಟೇ ಹೇಳಿದ್ದಾರೆ.

ಪ್ರಶ್ನೆ: ಒಂದೇ ಒಪ್ಪಂದ ಇಂಗ್ಲಿಷಿನಲ್ಲೂ ರಷ್ಯನ್ನಿನಲ್ಲೂ ಇದೆ. ಎರಡಕ್ಕೂ ತಾಳೆ ಆಗದಿದ್ದರೆ ಯಾವುದು ಗೆಲ್ಲುತ್ತದೆ? (ಕಾನೂನು ವಿದ್ಯಾರ್ಥಿ, ಮಂಗಳೂರು)

ಉತ್ತರ: ಒಪ್ಪಂದದ ಕೊನೆಯ ಪುಟ ನೋಡಿ. ಉತ್ತರ ಅಲ್ಲೇ ಇರುತ್ತದೆ.

1971ರ ಆಗಸ್ಟ್ 9ರಂದು ದೆಹಲಿಯಲ್ಲಿ ವಿದೇಶಾಂಗ ಸಚಿವರಾದ ಸ್ವರಣ್ ಸಿಂಗ್ ಮತ್ತು ಆಂದ್ರೇಯ್ ಗ್ರೊಮೀಕೊ ಸಹಿ ಹಾಕಿದ ಭಾರತ-ಸೋವಿಯತ್ ಶಾಂತಿ, ಸ್ನೇಹ ಮತ್ತು ಸಹಕಾರ ಒಪ್ಪಂದ ಹಿಂದಿ, ರಷ್ಯನ್, ಇಂಗ್ಲಿಷ್ ಮೂರರಲ್ಲೂ ಇದೆ. ಮೂರಕ್ಕೂ ಸಮಾನ ಅಧಿಕಾರ. ‘ಮುಂದೆ ತೊಂದರೆ ಬಂದರೆ’ ಅನ್ನೋ ಮಾತನ್ನು ಎಷ್ಟು ಜೋಪಾನವಾಗಿ ಬರೆಯಬಹುದು ಅಂತ ನೋಡಬೇಕಿದ್ದರೆ ಅದರ ಒಂಬತ್ತನೇ ವಿಧಿ ಓದಿ. ಇಬ್ಬರಲ್ಲಿ ಒಬ್ಬರ ಮೇಲೆ ದಾಳಿಯಾದರೆ ಅಥವಾ ದಾಳಿಯ ಬೆದರಿಕೆ ಬಂದರೆ ಇಬ್ಬರೂ ಕೂಡಲೇ ಪರಸ್ಪರ ಸಮಾಲೋಚನೆ ಶುರು ಮಾಡುತ್ತಾರೆ, ಆ ಬೆದರಿಕೆಯನ್ನು ದೂರ ಮಾಡೋಕೆ, ತಕ್ಕ ಕ್ರಮ ಕೈಗೊಳ್ಳೋಕೆ. ‘ನಿನ್ನ ಪರವಾಗಿ ಯುದ್ಧಕ್ಕೆ ಬರುತ್ತೇನೆ’ ಅಂತ ಎಲ್ಲೂ ಇಲ್ಲ. ‘ಬರಲ್ಲ’ ಅಂತಲೂ ಇಲ್ಲ. ಬಾಂಗ್ಲಾ ಯುದ್ಧಕ್ಕೆ ನಾಲ್ಕು ತಿಂಗಳು ಮುಂಚೆ ಓದಬೇಕಾದವರು ಅದನ್ನು ಓದಿಕೊಂಡರು. ಮುಂದೆ ಹನ್ನೆರಡನೇ ವಿಧಿಯಲ್ಲಿ, ಒಪ್ಪಂದದ ಅರ್ಥದ ಬಗ್ಗೆಯೇ ಭಿನ್ನಾಭಿಪ್ರಾಯ ಬಂದರೆ ಇಬ್ಬರೇ ಕೂತು ಶಾಂತಿಯಿಂದ ಬಗೆಹರಿಸಿಕೊಳ್ಳುತ್ತೇವೆ ಅಂತ ಇದೆ. ಮೂರನೆಯವರಿಗೆ ಬಾಗಿಲು ಹಾಕಿದ ಹಾಗೆ.

ಈಚಿನ ಎಷ್ಟೋ ಭಾರತ-ರಷ್ಯಾ ಒಪ್ಪಂದಗಳಲ್ಲಿ ಒಂದು ಸಾಲು ಜಾಸ್ತಿ ಇರುತ್ತದೆ: ವ್ಯತ್ಯಾಸ ಬಂದರೆ ಇಂಗ್ಲಿಷ್ ಪಠ್ಯವೇ ಅಂತಿಮ. ಅನುವಾದಕರಿಗೆ ಇದರಿಂದ ರಾತ್ರಿ ನಿದ್ದೆ ಬರುತ್ತದೆ. ಆ ಸಾಲು ಇಲ್ಲದಿದ್ದರೆ ಒಪ್ಪಂದಗಳ ಕಾನೂನಿನ ಬಗೆಗಿನ 1969ರ ವಿಯೆನ್ನಾ ಒಡಂಬಡಿಕೆಯ 33ನೇ ವಿಧಿ ಇದೆ. ಎಲ್ಲ ಅಧಿಕೃತ ಪಠ್ಯಗಳಲ್ಲೂ ಪದಗಳಿಗೆ ಒಂದೇ ಅರ್ಥ ಅಂತ ಮೊದಲು ಹಿಡಿಯಬೇಕು. ವ್ಯತ್ಯಾಸ ಕಂಡು, ಬೇರೆ ದಾರಿಯಿಂದಲೂ ಬಗೆಹರಿಯದಿದ್ದರೆ ಒಪ್ಪಂದದ ಉದ್ದೇಶ ನೋಡಿ ಎಲ್ಲಕ್ಕೂ ಹೊಂದುವ ಅರ್ಥ ತೆಗೆಯಬೇಕು.

ನಿಮಗೆ ಅಭ್ಯಾಸಕ್ಕೆ ಒಂದು ಕೊಡುತ್ತೇನೆ. 1945ರ ವಿಶ್ವಸಂಸ್ಥೆಯ ಸನ್ನದಿನ 33ನೇ ವಿಧಿ. ಯಾವ ವಿವಾದ ಹೀಗೇ ಮುಂದುವರಿದರೆ ಶಾಂತಿಗೆ ಅಪಾಯ ತರಬಹುದೋ, ಆ ವಿವಾದದವರು ಮೊದಲು ಮಾತುಕತೆಯಂಥ ಶಾಂತಿಯ ದಾರಿಯಲ್ಲಿ ಪರಿಹಾರ ಹುಡುಕಬೇಕು ಅಂತ. ಆ ‘ತರಬಹುದೋ’ ಅನ್ನುವಲ್ಲಿ ಇಂಗ್ಲಿಷಿನದು ‘ಇಸ್ ಲೈಕ್ಲಿ ಟು’, ಅಂದರೆ ತರುವ ಸಂಭವವೇ ಹೆಚ್ಚು. ರಷ್ಯನ್ನಿನದು ‘ಮಗ್ಲೋ ಬಿ’, ತರಲೂಬಹುದು ಅಷ್ಟೆ. ಮೇಲೆ ದಾವಣಗೆರೆಯ ಹುಡುಗಿಗೆ ಬೇಡ ಅಂದ ಅದೇ ‘ಬಿ’! ಇಲ್ಲಿ ‘ಮುಂದುವರಿಯುವುದು’ ಅಂತ ಪಕ್ಕದಲ್ಲೇ ಇರೋದರಿಂದ ಕಾಲದ ಗೊಂದಲ ಆಗಲ್ಲ. ಆದರೆ ತೂಕ? ಇಂಗ್ಲಿಷಿಗಿಂತ ರಷ್ಯನ್ ಹಗುರ ಅಂತ ನನ್ನ ಅಭಿಪ್ರಾಯ. ರಷ್ಯನ್ ಓದಿದವರಿಗೆ ಇನ್ನೂ ಜಾಸ್ತಿ ವಿವಾದಗಳು ಈ ವಿಧಿಯ ಒಳಗೆ ಬರುತ್ತವೆ. ಎರಡೂ ಅಧಿಕೃತ ಪಠ್ಯಗಳೇ, ಸನ್ನದಿನ 111ನೇ ವಿಧಿಯೇ ಹಾಗೆ ಹೇಳುತ್ತದೆ. ವಕೀಲರಾದ ಮೇಲೆ ಇದರ ಮೇಲೆ ಒಂದು ಗಂಟೆ ವಾದ ಮಾಡಬಹುದು.

ಅದೇ ಸನ್ನದಿನ ಎರಡನೇ ವಿಧಿಯಲ್ಲಿ, ಸದಸ್ಯರು ವಿವಾದಗಳನ್ನು ಶಾಂತಿಯಿಂದ ಬಗೆಹರಿಸಿಕೊಳ್ಳಬೇಕು ಅಂತ ಇಂಗ್ಲಿಷಿನಲ್ಲಿ ‘ಶಲ್’ ಹಾಕಿದ್ದಾರೆ. ರಷ್ಯನ್ನಿನಲ್ಲಿ ಸುಮ್ಮನೆ ವರ್ತಮಾನ ಕಾಲ: ‘ಬಗೆಹರಿಸಿಕೊಳ್ಳುತ್ತಾರೆ.’ ‘ಬೇಕು’ ಇಲ್ಲವಲ್ಲ ಅಂತ ಹೊಸಬರು ಹೌಹಾರುತ್ತಾರೆ. ರಷ್ಯನ್ ಒಪ್ಪಂದದ ಭಾಷೆಯಲ್ಲಿ ವರ್ತಮಾನ ಕಾಲವೇ ಆಜ್ಞೆ. ‘ಈ ಮನೆಯಲ್ಲಿ ಚಪ್ಪಲಿ ಹೊರಗೆ ಬಿಡುತ್ತೇವೆ’ ಅಂತ ಅಜ್ಜಿ ಹೇಳಿದರೆ ಅದು ಮಾಹಿತಿ ಅಲ್ಲ ತಾನೇ?

ಪ್ರಶ್ನೆ: ನಮ್ಮೂರಿಗೆ ಐಎನ್‌ಎಸ್ ವಿಕ್ರಮಾದಿತ್ಯ ಬಂದಾಗಿನಿಂದ ರಷ್ಯನ್ ಅಂದರೆ ಕುತೂಹಲ. ಈಗ ಮೊಬೈಲಿನಲ್ಲೇ ಅನುವಾದ ಆಗುತ್ತದಲ್ಲ, ಇಷ್ಟೆಲ್ಲ ಕಲಿಯಬೇಕಾ? (ಕಾರವಾರ)

ಉತ್ತರ: ಊಟಕ್ಕೆ ಹೋಟೆಲು ಹುಡುಕೋಕೆ ಮೊಬೈಲ್ ಸಾಕು. ನಿಮ್ಮೂರಿನ ಆ ಹಡಗು ಮೊದಲು ‘ಅಡ್ಮಿರಲ್ ಗರ್ಷ್ಕೋಫ್’ ಆಗಿತ್ತು. ರಷ್ಯಾದ ಸೆವೆರದ್ವೀನ್ಸ್ಕ್‌ನಲ್ಲಿ ಹೊಸದಾಗಿ ಸಜ್ಜಾಗಿ 2014ರ ಜನವರಿಯಲ್ಲಿ ಕಾರವಾರಕ್ಕೆ ಬಂತು. ಅಂಥ ಕೆಲಸದ ಕಾಗದಗಳಲ್ಲಿ ‘ಸೇಫ್ಟಿ’ಯೂ ಬರುತ್ತದೆ, ‘ಸೆಕ್ಯೂರಿಟಿ’ಯೂ ಬರುತ್ತದೆ. ನಮಗೆ ಒಂದು ಸುರಕ್ಷತೆ, ಇನ್ನೊಂದು ಭದ್ರತೆ. ಬೆಂಕಿ ಬೀಳದ ಹಾಗೆ ನೋಡಿಕೊಳ್ಳೋದು ಒಂದು, ಕಳ್ಳ ನುಗ್ಗದ ಹಾಗೆ ನೋಡಿಕೊಳ್ಳೋದು ಇನ್ನೊಂದು. ರಷ್ಯನ್ನಿನಲ್ಲಿ ಎರಡಕ್ಕೂ ಒಂದೇ ಪದ, ‘ಬೆಜಪಾಸ್ನಸ್ತ್’. ಅಣುಶಕ್ತಿಯ ಕಾಗದಗಳಲ್ಲಿ ಈ ಗೊಂದಲ ಬೇಡ ಅಂತ ಎರಡನೆಯದಕ್ಕೆ ‘ಫಿಜೀಚೆಸ್ಕಯ’ ಅಂತ ಮುಂದೆ ಸೇರಿಸುತ್ತಾರೆ, ಭೌತಿಕ ಭದ್ರತೆ ಅನ್ನೋ ಅರ್ಥದಲ್ಲಿ. ಎಲ್ಲಿ ಸೇರಿಸಬೇಕು ಅಂತ ವಾಕ್ಯ ಓದಿ ತೀರ್ಮಾನ ಮಾಡಬೇಕು. ‘ಕಂತ್ರೋಲ್’ ಕೂಡ ಹಾಗೇ. ಇಂಗ್ಲಿಷಿನ ‘ಕಂಟ್ರೋಲ್’ ಹತೋಟಿ, ಅವರದು ಮುಖ್ಯವಾಗಿ ತಪಾಸಣೆ. ತಪಾಸಣೆಗೆ ಬರುತ್ತೇವೆ ಅಂದದ್ದು ಹತೋಟಿಗೆ ತೆಗೆದುಕೊಳ್ಳುತ್ತೇವೆ ಅಂತ ಆದರೆ ಯಾರು ಸುಮ್ಮನಿರುತ್ತಾರೆ?

ಪ್ರಶ್ನೆ: ಅನುವಾದದ ತಪ್ಪಿನಿಂದ ಯುದ್ಧ ಆಗಿಬಿಡುವ ಹಾಗಿತ್ತಂತೆ, ಕ್ರುಶ್ಚೇವ್ ಕಾಲದಲ್ಲಿ. ನಿಜವೇ? (ತುಮಕೂರು)

ಉತ್ತರ: ಈ ಕತೆ ಎಲ್ಲರ ಬಾಯಲ್ಲೂ ಇದೆ. 1956ರ ನವೆಂಬರಿನಲ್ಲಿ ಮಾಸ್ಕೋದ ಪೋಲೆಂಡ್ ರಾಯಭಾರ ಕಚೇರಿಯ ಔತಣದಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಪಶ್ಚಿಮದ ರಾಯಭಾರಿಗಳಿಗೆ ‘ನಿಮ್ಮನ್ನು ಹೂಳುತ್ತೇವೆ’ ಅಂದರು. ದುಭಾಷಿ ವಿಕ್ತರ್ ಸುಖದ್ರೇಫ್ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಆ ದುಭಾಷಿ ತಪ್ಪು ಮಾಡಿದ ಅಂತ ಈಗಲೂ ಬರೆಯುವವರಿದ್ದಾರೆ. ನಾನು ಒಪ್ಪಲ್ಲ. ಕ್ರುಶ್ಚೇವ್ ಹೂಳುವ ಮಾತನ್ನೇ ಆಡಿದ್ದು. ‘ನಿಮ್ಮ ವ್ಯವಸ್ಥೆ ತಾನಾಗಿ ಸತ್ತ ಮೇಲೂ ನಾವಿರುತ್ತೇವೆ’ ಅನ್ನೋದು ಅವರ ಮನಸ್ಸಿನಲ್ಲಿ ಇದ್ದಿರಬಹುದು. ಮನಸ್ಸಿನಲ್ಲಿ ಇದ್ದದ್ದನ್ನು ಅನುವಾದ ಮಾಡೋದು ದುಭಾಷಿಯ ಕೆಲಸ ಅಲ್ಲ. 1963ರಲ್ಲಿ ಯುಗೊಸ್ಲಾವಿಯಾದಲ್ಲಿ ಕ್ರುಶ್ಚೇವ್ ತಾವೇ ವಿವರಣೆ ಕೊಟ್ಟರು: ಸಲಿಕೆ ಹಿಡಿದು ಹೂಳಲ್ಲ, ನಿಮ್ಮ ಕಾರ್ಮಿಕರೇ ನಿಮ್ಮನ್ನು ಹೂಳುತ್ತಾರೆ ಅಂತ. ಇದೇನು ಸಮಾಧಾನವೋ!

ಇದಕ್ಕಿಂತ ನನಗೆ 1962ರ ಕ್ಯೂಬಾ ಬಿಕ್ಕಟ್ಟು ಮುಖ್ಯ ಅನ್ನಿಸುತ್ತದೆ. ಅಕ್ಟೋಬರ್ 25ರಂದು ಭದ್ರತಾ ಮಂಡಳಿಯಲ್ಲಿ ಅಮೆರಿಕದ ಸ್ಟೀವನ್‌ಸನ್ ಸೋವಿಯತ್ ಪ್ರತಿನಿಧಿ ಜೋರಿನ್‌ಗೆ ‘ಕ್ಯೂಬಾದಲ್ಲಿ ಕ್ಷಿಪಣಿ ಇಟ್ಟಿದ್ದೀರೋ ಇಲ್ಲವೋ, ಅನುವಾದಕ್ಕೆ ಕಾಯಬೇಡಿ, ಹೌದು ಇಲ್ಲ ಹೇಳಿ’ ಅಂತ ಗದರಿದರು. ಅನುವಾದಕ್ಕೆ ಕಾಯುವ ಆ ಒಂದೆರಡು ಕ್ಷಣ ರಾಜತಾಂತ್ರಿಕರಿಗೆ ಎಷ್ಟು ಬೆಲೆಯುಳ್ಳದ್ದು ಅಂತ ಸ್ಟೀವನ್‌ಸನ್‌ಗೆ ಚೆನ್ನಾಗಿ ಗೊತ್ತಿತ್ತು. ಜೋರಿನ್ ‘ನಾನು ಅಮೆರಿಕದ ಕೋರ್ಟಿನಲ್ಲಿ ನಿಂತಿಲ್ಲ’ ಅಂದರು. ಮರುದಿನ ಕ್ರುಶ್ಚೇವ್ ಕೆನಡಿಗೆ ಉದ್ದದ ಪತ್ರ ಬರೆದರು. ಯುದ್ಧದ ಗಂಟು ಹಾಕಿದ ಹಗ್ಗವನ್ನು ಇಬ್ಬರೂ ಎರಡು ತುದಿಯಿಂದ ಎಳೆಯೋದು ಬೇಡ, ಎಳೆದಷ್ಟೂ ಗಂಟು ಬಿಗಿಯಾಗುತ್ತದೆ ಅಂತ ಅದರಲ್ಲಿತ್ತು. ಪತ್ರ ಮಾಸ್ಕೋದ ಅಮೆರಿಕ ರಾಯಭಾರ ಕಚೇರಿಗೆ ಬಂದು, ಅಲ್ಲಿ ಅನುವಾದವಾಗಿ, ತುಂಡು ತುಂಡಾಗಿ ವಾಷಿಂಗ್ಟನ್ ಮುಟ್ಟೋಕೆ ಎಷ್ಟೋ ಗಂಟೆ ಹಿಡಿಯಿತು. ಜಗತ್ತು ತುದಿಗಾಲಲ್ಲಿ ನಿಂತಿದ್ದ ದಿನ ಅದು.

ಅದರ ಪಾಠವಾಗಿ 1963ರ ಜೂನ್ 20ರಂದು ಎರಡೂ ದೇಶಗಳು ನೇರ ತಂತಿ ಸಂಪರ್ಕಕ್ಕೆ ಸಹಿ ಹಾಕಿದವು. ಸಿನಿಮಾದಲ್ಲಿ ಕೆಂಪು ಫೋನ್ ತೋರಿಸುತ್ತಾರೆ, ನಿಜದಲ್ಲಿ ಆಗ ಅದು ಟೆಲಿಪ್ರಿಂಟರ್ ಆಗಿತ್ತು. ಬೇಕೆಂದೇ ಹಾಗೆ ಮಾಡಿದ್ದು. ಮಾತಿನಲ್ಲಾದರೆ ತಕ್ಷಣ ಉತ್ತರ ಕೊಡಬೇಕು, ಬಾಯಿ ತಪ್ಪುತ್ತದೆ. ಬರಹವಾದರೆ ಓದಿ ಯೋಚಿಸಬಹುದು. ಅದರ ನಿಯಮ ನೋಡಿ: ವಾಷಿಂಗ್ಟನ್ ಇಂಗ್ಲಿಷಿನಲ್ಲೇ ಕಳಿಸುತ್ತದೆ, ಮಾಸ್ಕೋ ರಷ್ಯನ್ನಿನಲ್ಲೇ ಕಳಿಸುತ್ತದೆ. ಅನುವಾದ ಪಡೆಯುವವರ ಕಡೆ ಆಗುತ್ತದೆ. ಕಳಿಸುವವರ ಅನುವಾದಕ ತನ್ನ ಕಡೆಯ ಸಿಟ್ಟನ್ನು ಸ್ವಲ್ಪ ಮೆತ್ತಗೆ ಮಾಡೋದು, ಪಡೆದವರು ಅದನ್ನೇ ಮೂಲ ಅಂತ ನಂಬೋದು, ಈ ರಗಳೆಯೇ ಇಲ್ಲ. ಮೂಲ ಕೈಲೇ ಇರುತ್ತದೆ, ಅನುಮಾನ ಬಂದರೆ ಇನ್ನೊಬ್ಬರಿಗೆ ತೋರಿಸಬಹುದು. ನನ್ನ ಕೇಳಿದರೆ, ಅನುವಾದಕರನ್ನು ಅರ್ಥ ಮಾಡಿಕೊಂಡವರು ಮಾಡಿದ ನಿಯಮ ಅದು.

ಪ್ರಶ್ನೆ: ಇಂಥ ಭಾಷೆ ಅಭ್ಯಾಸ ಮಾಡೋಕೆ ಪುಸ್ತಕ ಹೇಳಿ. (ಶಿರಸಿ)

ಉತ್ತರ: ದುಡ್ಡು ಕೊಟ್ಟು ಏನೂ ತರಬೇಡಿ. ವಿಶ್ವಸಂಸ್ಥೆಯ ನಿರ್ಣಯಗಳು ಆರು ಅಧಿಕೃತ ಭಾಷೆಗಳಲ್ಲೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಒಂದೇ ನಿರ್ಣಯದ ಇಂಗ್ಲಿಷ್ ಮತ್ತು ರಷ್ಯನ್ ಪಕ್ಕಪಕ್ಕ ಇಟ್ಟುಕೊಳ್ಳಿ. ಮೊದಲು ಕ್ರಿಯಾಪದಗಳಿಗೆ ಮಾತ್ರ ಗೀಟು ಹಾಕಿ. ವಿಷಯ ಯಾವುದಾದರೂ ಇರಲಿ, ಮೀನುಗಾರಿಕೆಯದ್ದು ಸಿಕ್ಕರೆ ಇನ್ನೂ ಒಳ್ಳೆಯದು, ಸಿಟ್ಟು ಕಮ್ಮಿ ಇರುತ್ತದೆ.

ಇನ್ನು ಪ್ರಶ್ನೆ ಕಳಿಸುವವರಿಗೆ ಒಂದು ವಿನಂತಿ. ‘ಈ ಪದಕ್ಕೆ ರಷ್ಯನ್ನಿನಲ್ಲಿ ಏನು?’ ಅಂತ ಬರೀ ಪದ ಬರೆದು ಕಳಿಸಬೇಡಿ. ವಾಕ್ಯ ಪೂರ್ತಿ ಬರೆಯಿರಿ. ಯಾರು ಯಾರಿಗೆ ಬರೆದದ್ದು ಅಂತಲೂ ತಿಳಿಸಿ. ಅದಿಲ್ಲದೆ ನನಗೆ ಉತ್ತರ ಕೊಡೋಕೆ ಆಗಲ್ಲ.